ಮೂರು ವಿಷಯ, ಒಂದೇ ಪರೀಕ್ಷೆ

ಚಿಂಚೋಳಿ ತಾಲೂಕಿನ ಚಿಮ್ಮನಚೋಡದಂಥ ಊರಿನ ಮಕ್ಕಳಿಗೆ ಓಡುವುದನ್ನು ಯಾರೂ ಕಲಿಸಬೇಕಾಗಿಲ್ಲ. ಹೊಲಕ್ಕೆ ಬುತ್ತಿ ಒಯ್ಯುವಾಗ, ಹೊರಟುನಿಂತ ಬಸ್ಸು ಹಿಡಿಯುವಾಗ, ಶಾಲೆಯ ಗಂಟೆ ಕೇಳಿದಾಗ ಕಾಲುಗಳು ತಾವಾಗಿಯೇ ಓಡುತ್ತವೆ. ಸೈಕಲ್ಲೂ ಅವರಿಗೆ ಹೊಸದಲ್ಲ. 2006-07ರಲ್ಲಿ ರಾಜ್ಯ ಸರ್ಕಾರ ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ ಹಂಚಲು ಆರಂಭಿಸಿದ ಮೇಲೆ ಹಳ್ಳಿಗಾಡಿನ ಹುಡುಗಿಯರೂ ಸಾಲುಸಾಲಾಗಿ ಪೆಡಲು ತುಳಿದು ಪ್ರೌಢಶಾಲೆಗೆ ಹೋದರು. ಇನ್ನು ನೀರು. ಊರ ಮಗ್ಗುಲಲ್ಲೇ ಮುಲ್ಲಾಮಾರಿ ಹರಿಯುತ್ತಾಳೆ.

ಈಜು, ಸೈಕಲ್ ಸವಾರಿ, ಓಟ. ಈ ಮೂರನ್ನೂ ಒಂದರ ಬೆನ್ನಿಗೆ ಒಂದರಂತೆ, ನಡುವೆ ವಿರಾಮವಿಲ್ಲದೆ ಮಾಡಿ ಮುಗಿಸುವ ಸ್ಪರ್ಧೆಗೆ ಟ್ರಯಥ್ಲಾನ್ ಎಂದು ಹೆಸರು. ನೀರಿಗೆ ಇಳಿದ ಕ್ಷಣದಲ್ಲಿ ಗಡಿಯಾರ ಓಡಲು ಶುರುವಾದರೆ, ಓಟದ ಕೊನೆಯ ಗೆರೆ ದಾಟುವವರೆಗೆ ನಿಲ್ಲುವುದಿಲ್ಲ. ಒದ್ದೆ ಮೈಯಲ್ಲಿ ಶಿರಸ್ತ್ರಾಣ ಹಾಕಿಕೊಳ್ಳುವ, ಬೂಟಿನ ಲಾಡಿ ಕಟ್ಟಿಕೊಳ್ಳುವ ವೇಳೆಯೂ ಲೆಕ್ಕಕ್ಕೆ ಸೇರುತ್ತದೆ.

ಎಸ್ಸೆಸ್ಸೆಲ್ಸಿಯಲ್ಲಿ ಗಣಿತಕ್ಕೆ ನೂರಕ್ಕೆ ನೂರು ಬಂದರೂ ಇನ್ನೊಂದು ವಿಷಯದಲ್ಲಿ ನಪಾಸಾದರೆ ಏನಾಗುತ್ತದೆಂಬುದು ವಿದ್ಯಾರ್ಥಿಗಳಿಗೂ ಪಾಲಕರಿಗೂ ಗೊತ್ತು. ಟ್ರಯಥ್ಲಾನ್ ಕೂಡ ಅಂಥ ಪರೀಕ್ಷೆಯೇ. ಮೊದಲ ಸಲ ಕಣಕ್ಕೆ ಇಳಿಯುವವನ ಹಣೆಬರಹವನ್ನು ಅವನಿಗೆ ಚೆನ್ನಾಗಿ ಬರುವ ವಿಷಯ ಬರೆಯುವುದಿಲ್ಲ, ಬಾರದ ವಿಷಯ ಬರೆಯುತ್ತದೆ. ಮತ್ತು ಈ ಪರೀಕ್ಷೆಯಲ್ಲಿ ಬಾರದ ವಿಷಯ ನೀರಾಗಿದ್ದರೆ, ಹೋಗುವುದು ಅಂಕವಲ್ಲ, ಪ್ರಾಣ.

ಹುಟ್ಟಿದ ಬಗೆ

ಈ ಆಟಕ್ಕೆ ಹೆಚ್ಚು ವಯಸ್ಸಾಗಿಲ್ಲ. 1974ರ ಸೆಪ್ಟೆಂಬರ್ 25ರಂದು ಅಮೆರಿಕದ ಸ್ಯಾನ್ ಡಿಯೇಗೊ ನಗರದ ಮಿಷನ್ ಬೇ ಎಂಬಲ್ಲಿ, ಅಲ್ಲಿನ ಓಟಗಾರರ ಸಂಘದ ಜಾಕ್ ಜಾನ್‌ಸ್ಟೋನ್ ಮತ್ತು ಡಾನ್ ಶಾನಹಾನ್ ಇದನ್ನು ಮೊದಲು ಏರ್ಪಡಿಸಿದರು. ಸೈಕಲ್ಲನ್ನು ಸ್ಪರ್ಧಿಗಳೇ ತರಬೇಕಿತ್ತು. 46 ಜನ ಸೇರಿದ್ದರು. ಅಂದು ಓಟ ಮತ್ತು ಸೈಕಲ್ ಮೊದಲು, ಈಜು ಕೊನೆಗೆ. ಸ್ಪರ್ಧೆ ಸಂಜೆ ನಡೆದದ್ದರಿಂದ ಹಿಂದೆ ಬಿದ್ದವರು ಈಜುವ ಹೊತ್ತಿಗೆ ಕತ್ತಲಾಯಿತು. ಕಾರುಗಳ ದೀಪ ಹಚ್ಚಿ ಅವರಿಗೆ ದಡ ತೋರಿಸಬೇಕಾಯಿತು.

ಇಂದು ಈಜು ಮೊದಲು, ಓಟ ಕೊನೆಗೆ. ಇದರ ಹಿಂದೆ ಸರಳವಾದ ವಿವೇಕವಿದೆ. ಓಡುವಾಗ ದಣಿದವನು ನಡೆಯಬಹುದು, ಇಲ್ಲವೇ ಮರದ ನೆರಳಿಗೆ ಕೂಡಬಹುದು. ಸೈಕಲ್ ತುಳಿಯುವಾಗ ದಣಿದವನು ಕಾಲೂರಿ ನಿಲ್ಲಬಹುದು. ನೀರಿನಲ್ಲಿ ದಣಿದವನಿಗೆ ಕಾಲೂರಲು ನೆಲವಿಲ್ಲ. ಆದ್ದರಿಂದ ಮೈಯಲ್ಲಿ ಕಸುವು ಇರುವಾಗಲೇ ನೀರು ಮುಗಿಯಬೇಕು.

ಮಿಷನ್ ಬೇಯಲ್ಲಿ ಓಡಿದವರಲ್ಲಿ ನೌಕಾಪಡೆಯ ಅಧಿಕಾರಿ ಜಾನ್ ಕಾಲಿನ್ಸ್ ಕೂಡ ಒಬ್ಬರು. ಅವರೇ ಮುಂದೆ 1978ರ ಫೆಬ್ರವರಿ 18ರಂದು ಹವಾಯಿ ದ್ವೀಪದಲ್ಲಿ ‘ಐರನ್‌ಮ್ಯಾನ್’ ಎಂಬ ಭಾರಿ ಸ್ಪರ್ಧೆ ಆರಂಭಿಸಿದರು. ಸುಮಾರು 3.8 ಕಿ.ಮೀ. ಈಜು, 180 ಕಿ.ಮೀ. ಸೈಕಲ್, 42.2 ಕಿ.ಮೀ. ಓಟ. ಹೊರಟವರು 15, ಮುಟ್ಟಿದವರು 12. ಗೆದ್ದ ಗೋರ್ಡನ್ ಹಾಲರ್ ತೆಗೆದುಕೊಂಡ ಸಮಯ 11 ಗಂಟೆ 46 ನಿಮಿಷ 58 ಸೆಕೆಂಡು. 2000ದ ಸಿಡ್ನಿ ಒಲಿಂಪಿಕ್ಸ್‌ನಲ್ಲಿ ಟ್ರಯಥ್ಲಾನ್ ಮೊದಲ ಬಾರಿಗೆ ಸೇರ್ಪಡೆಯಾಯಿತು. ಅಲ್ಲಿನ ಅಳತೆ 1.5 ಕಿ.ಮೀ. ಈಜು, 40 ಕಿ.ಮೀ. ಸೈಕಲ್, 10 ಕಿ.ಮೀ. ಓಟ. ಅದರ ಅರ್ಧಕ್ಕೆ, ಅಂದರೆ 750 ಮೀಟರ್, 20 ಕಿ.ಮೀ. ಮತ್ತು 5 ಕಿ.ಮೀ.ಗೆ ‘ಸ್ಪ್ರಿಂಟ್’ ಎನ್ನುತ್ತಾರೆ. ಹೊಸಬರಿಗೆ ತಕ್ಕದ್ದು ಇದು.

ಕನ್ನಡ ನಾಡಿಗೂ ಈ ಆಟ ಬಂದು ಬಹಳ ದಿನವಾಗಿದೆ. ಬೆಂಗಳೂರಿನಲ್ಲಿ ಅಭ್ಯಾಸ ಮಾಡಿದ ಎಂಜಿನಿಯರ್ ಅನು ವೈದ್ಯನಾಥನ್ 2009ರಲ್ಲಿ ಕೆನಡಾದ ‘ಅಲ್ಟ್ರಾಮ್ಯಾನ್’ ಸ್ಪರ್ಧೆಯನ್ನು ಮುಗಿಸಿದರು. ಅದು ಮೂರು ದಿನಗಳ ಕೆಲಸ, 10 ಕಿ.ಮೀ. ಈಜು, 420 ಕಿ.ಮೀ.ಗೂ ಮಿಕ್ಕಿದ ಸೈಕಲ್, 84 ಕಿ.ಮೀ.ಗೂ ಮಿಕ್ಕಿದ ಓಟ. ನೈರುತ್ಯ ರೈಲ್ವೆಯ ಅಧಿಕಾರಿ ಶ್ರೇಯಸ್ ಹೊಸೂರ 2022ರ ಜೂನ್‌ನಲ್ಲಿ ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ಪೂರ್ಣ ಐರನ್‌ಮ್ಯಾನ್ ಅನ್ನು 13 ಗಂಟೆ 26 ನಿಮಿಷದಲ್ಲಿ ಮುಗಿಸಿದರು. ಕಚೇರಿಯ ಕೆಲಸ ಮಾಡಿಕೊಂಡೇ ಇಂಥದಕ್ಕೆ ಸಿದ್ಧರಾಗಬಹುದು ಎಂಬುದಕ್ಕೆ ಅದು ಸಾಕ್ಷಿ.

ದೇಹದ ಖಜಾನೆ

ಇನ್ನು ಸ್ವಲ್ಪ ಲೆಕ್ಕ ಮಾಡೋಣ. ಓಡುವಾಗ ದೇಹದ ತೂಕದ ಪ್ರತಿ ಕಿಲೋಗ್ರಾಮಿಗೆ, ಪ್ರತಿ ಕಿಲೋಮೀಟರಿಗೆ ಸುಮಾರು 1 ಕಿಲೋ ಕ್ಯಾಲರಿ ಶಕ್ತಿ ಖರ್ಚಾಗುತ್ತದೆ. 50 ಕಿಲೋ ತೂಕದ ಹುಡುಗ 5 ಕಿ.ಮೀ. ಓಡಿದರೆ 250 ಕಿಲೋ ಕ್ಯಾಲರಿ. ಅಷ್ಟೇ ದೂರ ಈಜಲು ಓಟದ ಸುಮಾರು ನಾಲ್ಕರಷ್ಟು ಶಕ್ತಿ ಬೇಕು. ಆದ್ದರಿಂದ 750 ಮೀಟರ್ ಈಜು ಎಂದರೆ 3 ಕಿ.ಮೀ. ಓಟದಂತೆ, 150. ಸೈಕಲ್ಲಿಗೆ ಓಟದ ಮೂರನೆಯ ಒಂದು ಪಾಲಿನಷ್ಟು ಸಾಕು, 20 ಕಿ.ಮೀ.ಗೆ 300ರ ಆಸುಪಾಸು. ಒಟ್ಟು 700 ಕಿಲೋ ಕ್ಯಾಲರಿ.

ಈ ಶಕ್ತಿ ಎಲ್ಲಿಂದ ಬರುತ್ತದೆ? ನಾವು ಉಂಡ ಜೋಳದ ರೊಟ್ಟಿ, ಅನ್ನ ಜೀರ್ಣವಾಗಿ ಗ್ಲೂಕೋಸ್ ಆಗುತ್ತವೆ. ಹೆಚ್ಚಾದ ಗ್ಲೂಕೋಸನ್ನು ದೇಹ ಗ್ಲೈಕೋಜನ್ ರೂಪದಲ್ಲಿ ಸ್ನಾಯು ಮತ್ತು ಪಿತ್ತಜನಕಾಂಗದಲ್ಲಿ ಕೂಡಿಡುತ್ತದೆ. ವಯಸ್ಕರಲ್ಲಿ ಇದು 400ರಿಂದ 500 ಗ್ರಾಂ ಇರುತ್ತದೆ. ಗ್ರಾಮಿಗೆ 4 ಕಿಲೋ ಕ್ಯಾಲರಿಯಂತೆ 1,600ರಿಂದ 2,000. ಚಿಕ್ಕ ಸ್ಪರ್ಧೆಗೆ ಈ ಗಂಟು ಧಾರಾಳವಾಗಿ ಸಾಕು. ಆದರೆ ಪೂರ್ಣ ಐರನ್‌ಮ್ಯಾನ್‌ಗೆ ಬೇಕಾಗುವುದು ಎಂಟು ಸಾವಿರದಷ್ಟು. ದೇಹದಲ್ಲಿ ಕೊಬ್ಬು ಬೇಕಾದಷ್ಟಿದ್ದರೂ ಅದು ನಿಧಾನವಾಗಿ ಉರಿಯುವ ಕೊಳ್ಳಿ. ದಾರಿಯುದ್ದಕ್ಕೂ ತಿನ್ನುತ್ತ, ವೇಗವನ್ನು ಹಿಡಿತದಲ್ಲಿ ಇಡದವನ ಗ್ಲೈಕೋಜನ್ ನಡುದಾರಿಯಲ್ಲೇ ಬರಿದಾಗುತ್ತದೆ.

ಬರಿದಾದರೆ ಏನಾಗುತ್ತದೆ ಎಂಬುದನ್ನು 1982ರ ಫೆಬ್ರವರಿಯಲ್ಲಿ ಜಗತ್ತು ದೂರದರ್ಶನದಲ್ಲಿ ನೋಡಿತು. ಜೂಲಿ ಮಾಸ್ ಎಂಬ 23 ವರ್ಷದ ವಿದ್ಯಾರ್ಥಿನಿ ವ್ಯಾಯಾಮದ ಶರೀರಕ್ರಿಯಾ ವಿಜ್ಞಾನದ ಪ್ರಬಂಧಕ್ಕೆ ಮಾಹಿತಿ ಬೇಕೆಂದು ಹವಾಯಿಯ ಐರನ್‌ಮ್ಯಾನ್‌ಗೆ ಹೆಸರು ಕೊಟ್ಟಿದ್ದಳು. ಎಲ್ಲರೂ ಬೆರಗಾಗುವಂತೆ ಮಹಿಳೆಯರಲ್ಲಿ ಮುಂಚೂಣಿಗೆ ಬಂದಳು. ಗುರಿ ಕಣ್ಣೆದುರು ಇರುವಾಗ ಕಾಲು ಕುಸಿದವು. ಎದ್ದಳು, ಬಿದ್ದಳು, ಮತ್ತೆ ಎದ್ದಳು. ಕೊನೆಯ ಕೆಲವು ಗಜಗಳಲ್ಲಿ ಕ್ಯಾಥ್ಲೀನ್ ಮೆಕಾರ್ಟ್ನಿ ಅವಳನ್ನು ದಾಟಿ ಹೋದಳು. ಜೂಲಿ ಅಂಬೆಗಾಲಿಕ್ಕಿ ಬಂದು ಗೆರೆ ಮುಟ್ಟಿದಳು. ಅಂತರ 29 ಸೆಕೆಂಡು. ಆ ದೃಶ್ಯ ಸಾವಿರಾರು ಜನರನ್ನು ಈ ಆಟಕ್ಕೆ ಎಳೆಯಿತು ಎನ್ನುವುದು ನಿಜ. ಆದರೆ ವಿಜ್ಞಾನದ ವಿದ್ಯಾರ್ಥಿ ಅದರಲ್ಲಿ ಛಲದ ಜೊತೆಗೆ ಶಕ್ತಿಯ ಲೆಕ್ಕವನ್ನೂ ಓದಬೇಕು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆ ಸ್ನಾಯುಗಳಿಗೂ ಅನ್ವಯಿಸುತ್ತದೆ.

ಬಿಸಿಲೆಂಬ ನಾಲ್ಕನೆಯ ವಿಷಯ

ಸ್ನಾಯುಗಳು ಬಹಳ ದುಂದುಗಾರ ಯಂತ್ರಗಳು. ಖರ್ಚಾದ ಶಕ್ತಿಯಲ್ಲಿ ಕಾಲುಭಾಗದಷ್ಟು ಮಾತ್ರ ಕೆಲಸವಾಗುತ್ತದೆ, ಉಳಿದ ಮುಕ್ಕಾಲು ಶಾಖವಾಗುತ್ತದೆ. ಮೇಲಿನ 700 ಕಿಲೋ ಕ್ಯಾಲರಿಯಲ್ಲಿ 500ಕ್ಕೂ ಹೆಚ್ಚು ಬರಿ ಬಿಸಿ. ಇದು ಹೊರಹೋಗದೆ ಉಳಿದರೆ 50 ಕಿಲೋ ದೇಹದ ಉಷ್ಣತೆ 12 ಡಿಗ್ರಿಯಷ್ಟು ಏರಬೇಕು! ಹಾಗಾಗದಂತೆ ಕಾಪಾಡುವುದು ಬೆವರು. ಒಂದು ಲೀಟರ್ ಬೆವರು ಪೂರ್ತಿ ಆವಿಯಾದರೆ ಸುಮಾರು 580 ಕಿಲೋ ಕ್ಯಾಲರಿ ಶಾಖವನ್ನು ಹೊತ್ತೊಯ್ಯುತ್ತದೆ. ತೊಟ್ಟಿಕ್ಕಿ ನೆಲಕ್ಕೆ ಬಿದ್ದ ಬೆವರಿನಿಂದ ಈ ಲಾಭವಿಲ್ಲ, ಮೈಮೇಲೆ ಆರಿದ್ದಕ್ಕೆ ಮಾತ್ರ.

2016ರ ಸೆಪ್ಟೆಂಬರ್‌ನಲ್ಲಿ ಮೆಕ್ಸಿಕೋದ ಕೊಜುಮೆಲ್‌ನಲ್ಲಿ ನಡೆದ ಸ್ಪರ್ಧೆಯನ್ನು ನೆನೆಯಬೇಕು. ಬ್ರಿಟನ್ನಿನ ಜಾನಿ ಬ್ರೌನ್ಲಿ ಗುರಿಗೆ ಕೆಲವೇ ನೂರು ಮೀಟರ್ ಇರುವಾಗ ಸೆಕೆಯಿಂದ ಕಾಲು ತಡಬಡಿಸಿ ನಿಂತುಬಿಟ್ಟ. ಹಿಂದಿನಿಂದ ಬಂದ ಅಣ್ಣ ಅಲಿಸ್ಟರ್, ಒಲಿಂಪಿಕ್ ಚಾಂಪಿಯನ್, ತನ್ನ ಗೆಲುವಿನ ಆಸೆ ಬಿಟ್ಟು ತಮ್ಮನ ಹೆಗಲಿಗೆ ಹೆಗಲು ಕೊಟ್ಟು ಗೆರೆಯವರೆಗೆ ಕರೆತಂದ. ಜಗತ್ತಿನ ಅಗ್ರ ಆಟಗಾರನಿಗೇ ಹೀಗಾಗುವುದಾದರೆ, ಏಪ್ರಿಲ್-ಮೇ ತಿಂಗಳಲ್ಲಿ ಉಷ್ಣತೆ 40 ಡಿಗ್ರಿ ದಾಟುವ ಕಲಬುರಗಿ ಸೀಮೆಯಲ್ಲಿ ಹೊಸಬರು ಹೊತ್ತೇರಿದ ಮೇಲೆ ಅಭ್ಯಾಸ ಮಾಡುವುದು ಬುದ್ಧಿವಂತಿಕೆಯಲ್ಲ. ದೀಪಾವಳಿಯಿಂದ ಶಿವರಾತ್ರಿಯವರೆಗಿನ ತಂಪು ದಿನಗಳು, ಅದರಲ್ಲೂ ಬೆಳಗಿನ ಹೊತ್ತು, ಈ ಕೆಲಸಕ್ಕೆ ಸರಿ.

ಎಷ್ಟು ನೀರು ಕುಡಿಯಬೇಕು? ಇದನ್ನು ಮನೆಯಲ್ಲೇ ಕಂಡುಹಿಡಿಯಬಹುದು. ಓಡುವ ಮುನ್ನ ತೂಕ ನೋಡಿ. ಒಂದು ಗಂಟೆ ಓಡಿ, ಮೈ ಒರೆಸಿಕೊಂಡು ಮತ್ತೆ ನೋಡಿ. ನಡುವೆ ಏನೂ ಕುಡಿಯದೆ ಅರ್ಧ ಕಿಲೋ ಇಳಿದಿದ್ದರೆ ಗಂಟೆಗೆ ಹೋದದ್ದು ಅರ್ಧ ಲೀಟರ್ ನೀರು. ಕುಡಿಯುವುದು ಅದಕ್ಕಿಂತ ಹೆಚ್ಚಾಗಬಾರದು. ಬೆವರಿಗಿಂತ ಹೆಚ್ಚು ಬರಿ ನೀರು ಕುಡಿದರೆ ರಕ್ತದ ಸೋಡಿಯಂ ತೆಳುವಾಗಿ ಅದೂ ಅಪಾಯ ತರುತ್ತದೆ. ದೀರ್ಘ ಅಭ್ಯಾಸವಿದ್ದ ದಿನ ಒಂದು ಲೀಟರ್ ನೀರಿಗೆ ಆರು ಚಹಾಚಮಚ ಸಕ್ಕರೆ, ಅರ್ಧ ಚಹಾಚಮಚ ಉಪ್ಪು ಕರಗಿಸಿದ ಪಾನಕ ಸಾಕು.

ನೀರಿನ ಪಾಠ

ನೀರು ಗಾಳಿಗಿಂತ ಸುಮಾರು 800 ಪಟ್ಟು ಸಾಂದ್ರ. ಆದ್ದರಿಂದ ಈಜಿನಲ್ಲಿ ಬಲಕ್ಕಿಂತ ದೇಹದ ಭಂಗಿ ಮುಖ್ಯ. ಹೊಸಬರು ಮಾಡುವ ಮೊದಲ ತಪ್ಪು ತಲೆಯನ್ನು ನೀರಿನಿಂದ ಎತ್ತುವುದು. ಗಾಳಿ ತುಂಬಿದ ಶ್ವಾಸಕೋಶದಿಂದಾಗಿ ದೇಹದ ತೇಲುವ ಕೇಂದ್ರ ಎದೆಯ ಹತ್ತಿರ, ಗುರುತ್ವ ಕೇಂದ್ರ ಸೊಂಟದ ಹತ್ತಿರ ಇರುತ್ತದೆ. ತಕ್ಕಡಿಯಂತೆ, ತಲೆ ಮೇಲೆದ್ದರೆ ಕಾಲು ಮುಳುಗುತ್ತವೆ. ಮುಳುಗಿದ ಕಾಲು ಲಂಗರು ಇದ್ದಂತೆ. ಎಷ್ಟು ಬಡಿದರೂ ಮುಂದೆ ಹೋಗಲಾಗದು, ಉಸಿರು ಮಾತ್ರ ಏರುತ್ತದೆ. ಮುಖವನ್ನು ನೀರೊಳಗಿಟ್ಟು ನಿಧಾನವಾಗಿ ಉಸಿರು ಬಿಡುವುದು, ತಲೆಯನ್ನು ಪಕ್ಕಕ್ಕೆ ಹೊರಳಿಸಿ ಎಳೆದುಕೊಳ್ಳುವುದು, ಗಾಬರಿಯಾದರೆ ಅಂಗಾತ ಹೊರಳಿ ತೇಲುವುದು ಈಜಿನ ಅಕ್ಷರಮಾಲೆ.

ಈ ಅಕ್ಷರ ಕಲಿಯದೆ ಪರೀಕ್ಷೆಗೆ ಕೂತರೆ ಏನಾಗುತ್ತದೆ? ಅಮೆರಿಕದ ಸಂಶೋಧಕರು 1985ರಿಂದ 2016ರವರೆಗೆ ಅಲ್ಲಿನ ಟ್ರಯಥ್ಲಾನ್‌ಗಳಲ್ಲಿ ನಡೆದ ಸಾವು ಮತ್ತು ಹೃದಯಸ್ತಂಭನದ 135 ಪ್ರಕರಣಗಳನ್ನು ಪರಿಶೀಲಿಸಿ 2017ರಲ್ಲಿ ವರದಿ ಪ್ರಕಟಿಸಿದರು. ಅವುಗಳಲ್ಲಿ 90 ನಡೆದದ್ದು ಈಜುವಾಗ. ಅನುಭವದ ವಿವರ ಸಿಕ್ಕ 68 ಜನರಲ್ಲಿ 26 ಜನರಿಗೆ ಅದು ಮೊದಲ ಟ್ರಯಥ್ಲಾನ್. ಹೆಚ್ಚಿನವರು ನಡುವಯಸ್ಸಿನ ಗಂಡಸರು, ಸರಾಸರಿ ವಯಸ್ಸು 47ರ ಹತ್ತಿರ. ಮಗನ ಜೊತೆ ತಾವೂ ಹೆಸರು ಕೊಡುವೆ ಎನ್ನುವ ತಂದೆ ಮೊದಲು ವೈದ್ಯರಲ್ಲಿ ಹೃದಯ, ರಕ್ತದೊತ್ತಡ ತೋರಿಸಿಕೊಳ್ಳಬೇಕು ಎಂಬುದು ಇದರ ಸಾರ.

ಸ್ಪರ್ಧೆಯಲ್ಲಾದರೂ ದೋಣಿಗಳಿರುತ್ತವೆ, ರಕ್ಷಕರಿರುತ್ತಾರೆ. ದಣಿದವನು ನಿಂತ ದೋಣಿಯನ್ನು ಹಿಡಿದು ಸುಧಾರಿಸಿಕೊಳ್ಳಲು ನಿಯಮವೂ ಒಪ್ಪುತ್ತದೆ, ಅದರ ನೆರವಿನಿಂದ ಮುಂದೆ ಸಾಗಬಾರದು ಅಷ್ಟೆ. ಹಳ್ಳಿಯ ಹೊಳೆಯಲ್ಲಿ ಇದಾವುದೂ ಇಲ್ಲ. ಮುಲ್ಲಾಮಾರಿಯ ಮೇಲ್ಗಡೆ ನಾಗರಾಳದ ಬಳಿ ಕೆಳದಂಡೆ ಮುಲ್ಲಾಮಾರಿ ಜಲಾಶಯವಿದೆ. ಮಳೆಗಾಲದಲ್ಲಿ ಗೇಟು ತೆರೆದರೆ, ಚಿಮ್ಮನಚೋಡದಲ್ಲಿ ಹನಿ ಮಳೆ ಇಲ್ಲದಿದ್ದರೂ ಹೊಳೆ ಏರುತ್ತದೆ. ಶಹಾಬಾದ, ವಾಡಿ, ಸೇಡಂ ಕಡೆ ಪರಸಿ ಕಲ್ಲು ತೆಗೆದ ಗಣಿಗಳು ನೀರು ತುಂಬಿಕೊಂಡು ನಿಂತಿರುತ್ತವೆ. ಕೆರೆಯ ದಂಡೆ ಇಳಿಜಾರು. ಗಣಿಯ ದಂಡೆ ಗೋಡೆ. ಒಂದು ಹೆಜ್ಜೆಯಲ್ಲಿ ಪಾದ ಮುಳುಗುವಷ್ಟು, ಮುಂದಿನ ಹೆಜ್ಜೆಯಲ್ಲಿ ಆಳು ಮುಳುಗುವಷ್ಟು. ಹತ್ತಿ ಬರಲು ಹಿಡಿಕೆಯೂ ಸಿಗುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2021ರಲ್ಲಿ ಜಗತ್ತಿನಲ್ಲಿ ನೀರಿನಲ್ಲಿ ಮುಳುಗಿ ಸತ್ತವರು 3 ಲಕ್ಷ. 5ರಿಂದ 14 ವರ್ಷದ ಮಕ್ಕಳ ಸಾವಿನ ಕಾರಣಗಳಲ್ಲಿ ಇದಕ್ಕೆ ಮೂರನೆಯ ಸ್ಥಾನ.

ಹಿಂದೆ ತೋಟದ ಬಾವಿಯಲ್ಲಿ, ಬೆನ್ನಿಗೆ ಒಣ ಸೋರೆಬುರುಡೆ ಕಟ್ಟಿ, ಸೊಂಟಕ್ಕೆ ಹಗ್ಗ ಬಿಗಿದು, ದಂಡೆಯಲ್ಲಿ ಹಿರಿಯರು ಕೂತು ಮಕ್ಕಳಿಗೆ ಈಸು ಕಲಿಸುತ್ತಿದ್ದರು. ಅಲ್ಲಿ ಹಗ್ಗಕ್ಕಿಂತ ಮುಖ್ಯವಾದದ್ದು ಹಗ್ಗ ಹಿಡಿದ ಕೈ. ಬಾವಿಗಳು ಬತ್ತಿದವು, ಆ ಕೈಗಳೂ ಬಿಡುವಿಲ್ಲದಾದವು. ಮಕ್ಕಳು ಮಾತ್ರ ಹೇಳದೆ ಕೇಳದೆ ಗೆಳೆಯರ ಜೊತೆ ನೀರಿಗೆ ಹೋಗುವುದು ನಿಂತಿಲ್ಲ. ನೀರಿಗೆ ಹೋಗಬೇಡ ಎಂದು ಬೈದರೆ ಸಾಲದು. ರಜೆಯಲ್ಲಿ ಕಲಬುರಗಿಯ ನೆಂಟರ ಮನೆಯಲ್ಲಿ ಮೂರು-ನಾಲ್ಕು ವಾರ ಇರಿಸಿ, ಈಜುಕೊಳದಲ್ಲಿ ತರಬೇತುದಾರರ ಕೈಗೆ ಒಪ್ಪಿಸುವುದು ಖರ್ಚಿನ ಬಾಬಾದರೂ ಉಳಿತಾಯದ ಬಾಬೇ. ಹೆಣ್ಣುಮಕ್ಕಳನ್ನು ಇದರಿಂದ ಹೊರಗಿಡಬಾರದು. ಮೈತುಂಬ ಮುಚ್ಚುವ ಈಜುಡುಗೆಗಳೂ ಈಗ ಸಿಗುತ್ತವೆ. ನೀರು ಗಂಡು-ಹೆಣ್ಣೆಂದು ನೋಡುವುದಿಲ್ಲ.

ಮೊದಲ ಸಿದ್ಧತೆ

ಹಾಗಾದರೆ ಆಸೆಯುಳ್ಳ ವಿದ್ಯಾರ್ಥಿ ಎಲ್ಲಿಂದ ಆರಂಭಿಸಬೇಕು? ನೀರಿಲ್ಲದೆಯೇ ಆರಂಭಿಸಬಹುದು. ಓಟ, ಸೈಕಲ್, ಮತ್ತೆ ಓಟ ಇರುವ ಸ್ಪರ್ಧೆಗೆ ಡುಅಥ್ಲಾನ್ ಎನ್ನುತ್ತಾರೆ. ಶಾಲೆಯ ಮೈದಾನ, ವಾಹನ ಸಂಚಾರ ಕಡಿಮೆಯಿರುವ ಒಂದು ರಸ್ತೆ, ಗಡಿಯಾರ ಹಿಡಿದ ಒಬ್ಬ ದೈಹಿಕ ಶಿಕ್ಷಕರು ಇದ್ದರೆ ಚಿಮ್ಮನಚೋಡದಲ್ಲೂ ನಡೆಸಬಹುದು.

ಸೈಕಲ್ ಹೊಸದಾಗಬೇಕಿಲ್ಲ, ದುರಸ್ತಿಯಲ್ಲಿರಬೇಕು. ಬ್ರೇಕು ಹಿಡಿಯಬೇಕು, ಚೈನಿಗೆ ಎಣ್ಣೆ ಇರಬೇಕು, ತಲೆಗೆ ಶಿರಸ್ತ್ರಾಣ ಬೇಕೇ ಬೇಕು. ಸೀಟು ತಗ್ಗಾಗಿದ್ದರೆ ಮೊಣಕಾಲು ನೋಯುತ್ತದೆ. ಪೆಡಲು ಕೆಳಗಿರುವಾಗ ಮೊಣಕಾಲು ತುಸುವೇ ಬಾಗಿರುವಷ್ಟು ಎತ್ತರಿಸಿ. ಗಾಳಿಯ ತಡೆಯನ್ನು ಮೀರಲು ಬೇಕಾದ ಸಾಮರ್ಥ್ಯ ವೇಗದ ಘನಕ್ಕೆ ಅನುಗುಣ. ಗಂಟೆಗೆ 20 ಕಿ.ಮೀ. ಹೋಗುವವನು 25ಕ್ಕೆ ಏರಿಸಿದರೆ ವೇಗ ಹೆಚ್ಚಿದ್ದು ಕಾಲುಭಾಗ, ಗಾಳಿಗೆ ತೆತ್ತ ಶಕ್ತಿ ಹೆಚ್ಚುಕಡಿಮೆ ಎರಡರಷ್ಟು. ಪಕ್ಕದವನು ದಾಟಿದನೆಂದು ರೋಷಕ್ಕೆ ಬೀಳುವ ಮುನ್ನ ಈ ಲೆಕ್ಕ ನೆನಪಿರಲಿ.

ಸೈಕಲ್ ಇಳಿದ ಕೂಡಲೇ ಓಡಲು ಹೋದರೆ ಕಾಲುಗಳು ತಮ್ಮವಲ್ಲ ಎನ್ನಿಸುತ್ತದೆ. ತಿರುಗಿಸುವ ಲಯಕ್ಕೆ ಒಗ್ಗಿದ ಸ್ನಾಯುಗಳು ನೆಲ ಒದೆಯುವ ಲಯಕ್ಕೆ ಹೊರಳಲು ಕೆಲವು ನಿಮಿಷ ಬೇಕು. ಓಡುವಾಗ ಪ್ರತಿ ಹೆಜ್ಜೆಗೂ ದೇಹದ ತೂಕದ ಎರಡು-ಮೂರು ಪಟ್ಟು ಭಾರ ಕಾಲಿನ ಮೇಲೆ ಬೀಳುತ್ತದೆ. ಆದ್ದರಿಂದ ವಾರಕ್ಕೊಮ್ಮೆ ಸೈಕಲ್ ಆದ ಕೂಡಲೇ ಒಂದು ಕಿಲೋಮೀಟರ್ ನಿಧಾನ ಓಟ ರೂಢಿಸಿಕೊಳ್ಳಬೇಕು. ವೇಗ ಸರಿಯಿದೆಯೇ ಎಂದು ತಿಳಿಯಲು ಉಪಕರಣ ಬೇಡ: ಓಡುತ್ತಲೇ ಒಂದು ಪೂರ್ತಿ ವಾಕ್ಯ ಹೇಳಲು ಬಂದರೆ ಸರಿ, ಬಾರದಿದ್ದರೆ ಹೆಚ್ಚಾಯಿತು. ಮೂರು ತಿಂಗಳ ಸಿದ್ಧತೆ, ವಾರಕ್ಕೆ ಎರಡು ದಿನ ವಿಶ್ರಾಂತಿ, ದೂರವನ್ನು ವಾರವಾರ ಸ್ವಲ್ಪಸ್ವಲ್ಪ ಏರಿಸುವುದು ಎಂದು ನಿಯಮ ಹಾಕಿಕೊಳ್ಳಿ. ಸ್ಪರ್ಧೆಯ ದಿನ ಹೊಸ ಬೂಟು, ಹೊಸ ತಿಂಡಿ ಎರಡೂ ಬೇಡ. ಮೂರು ತಾಸು ಮೊದಲು ರೂಢಿಯ ರೊಟ್ಟಿ ಅಥವಾ ಅವಲಕ್ಕಿ, ಆಮೇಲೆ ಒಂದು ಬಾಳೆಹಣ್ಣು ಸಾಕು.

ಮೂವರ ತಂಡವಾಗಿ ಸ್ಪರ್ಧಿಸುವ ಏರ್ಪಾಡೂ ಅನೇಕ ಕಡೆ ಇದೆ. ಒಬ್ಬ ಈಜಿದರೆ ಇನ್ನೊಬ್ಬ ಸೈಕಲ್ ತುಳಿಯುತ್ತಾನೆ, ಮತ್ತೊಬ್ಬ ಓಡುತ್ತಾನೆ. ಬೆಂಗಳೂರು ದಕ್ಷಿಣದ ಸಂಸದ ತೇಜಸ್ವಿ ಸೂರ್ಯ 2022ರಲ್ಲಿ ಗೋವಾದ ಅರ್ಧ ಐರನ್‌ಮ್ಯಾನ್‌ನಲ್ಲಿ ತಂಡದ ಪರವಾಗಿ 90 ಕಿ.ಮೀ. ಸೈಕಲ್ ಭಾಗವನ್ನು ಮಾತ್ರ ಮಾಡಿದರು. ಎರಡು ವರ್ಷಗಳ ಬಳಿಕ, 2024ರ ಅಕ್ಟೋಬರ್ 27ರಂದು, 1.9 ಕಿ.ಮೀ. ಈಜು, 90 ಕಿ.ಮೀ. ಸೈಕಲ್, 21.1 ಕಿ.ಮೀ. ಓಟ ಮೂರನ್ನೂ ತಾವೇ 8 ಗಂಟೆ 27 ನಿಮಿಷ 32 ಸೆಕೆಂಡಿನಲ್ಲಿ ಮುಗಿಸಿದರು. ಮೊದಲು ಒಂದು ವಿಷಯ, ಆಮೇಲೆ ಮೂರೂ ಎಂಬ ಕ್ರಮ ಶಾಲಾ ಮಕ್ಕಳಿಗೂ ಒಪ್ಪುತ್ತದೆ. ಆ ಸ್ಪರ್ಧೆಗೆ 18 ವರ್ಷ ತುಂಬಿರಬೇಕೆಂಬ ನಿಯಮವಿದೆ. ಹತ್ತನೆಯ ತರಗತಿಯ ಮಕ್ಕಳಿಗೆ ಹಾಗಾದರೆ ಸಿದ್ಧತೆಗೆ ಬೇಕಾದಷ್ಟು ಕಾಲವಿದೆ, ಅವಸರಕ್ಕೆ ಕಾರಣವಿಲ್ಲ.

ಮೊದಲ ಸ್ಪರ್ಧೆಯಲ್ಲಿ ಎಷ್ಟನೆಯ ಸ್ಥಾನ ಬಂತೆಂದು ಪಾಲಕರು ಕೇಳದಿರಲಿ. ಗೆರೆ ದಾಟಿ ನಗುತ್ತ ನಿಂತಿದ್ದರೆ ಮಗು ಪಾಸಾದಂತೆಯೇ. ಆ ದಿನ ಬರುವವರೆಗೆ ಒಂದು ಮಾತನ್ನು ಮನೆಯ ನಿಯಮವಾಗಿ ಇಟ್ಟುಕೊಳ್ಳಿ: ಈಜು ಕಲಿತ ದೊಡ್ಡವರೊಬ್ಬರು ದಂಡೆಯಲ್ಲಿ ಇಲ್ಲದೆ ಹೊಳೆಗಾಗಲಿ, ಕೆರೆಗಾಗಲಿ, ಗಣಿಗಾಗಲಿ ಮಕ್ಕಳು ಇಳಿಯಬಾರದು.